ಆರು ತಾಸಿನಾಚೆಯ ನೀರು

ಅಂಗೈಯ ಮೇಲಿನ ಲಿಂಗಕ್ಕೆ ಮೂರನೆಯ ಪತ್ರಿ ಏರಿಸುತ್ತಿದ್ದಾಗ ಮಾಳಿಗೆಯ ಮೇಲಿಂದ ಹೆಂಡತಿ ಚನ್ನವ್ವನ ಕೂಗು ಬಂತು. ರಾವಸಾಹೇಬರು ಅರವತ್ತು ವರ್ಷಗಳಲ್ಲಿ ಒಮ್ಮೆಯೂ ಪೂಜೆಯ ನಡುವೆ ಎದ್ದವರಲ್ಲ. ಮಗ ಹುಟ್ಟಿದ ಸುದ್ದಿ ಬಂದ ದಿನವೂ ಕೊನೆಯ ಮಂತ್ರ ಮುಗಿಸಿಯೇ ಎದ್ದಿದ್ದರು. ಈ ದಿನ ಎದ್ದರು. ಲಿಂಗವನ್ನು ಎಡಗೈಯಲ್ಲಿ ಮುಚ್ಚಿಕೊಂಡು, ಬಲಗೈಯಿಂದ ಗೋಡೆ ತಡವುತ್ತ, ಎಪ್ಪತ್ತಾರರ ಮೊಣಕಾಲುಗಳನ್ನು ಎಳೆದುಕೊಂಡು ಮಾಳಿಗೆ ಹತ್ತಿದರು.

ತಮ್ಮ ಈಶ್ವರ ಕುರ್ಚಿಯಲ್ಲಿ ಕುಳಿತೇ ಇದ್ದ. ಎಡಗೆನ್ನೆ ಮೇಜಿಗೆ ಒರಗಿತ್ತು. ಮುಂದೆ ಅಂಗೈಯಗಲದ ಒಂದು ಹಸಿರು ಹಲಗೆ, ಅದರ ಮೇಲೆ ಅರ್ಧ ಕೂಡಿಸಿದ ತಂತಿಗಳು. ಬೆಸುಗೆಯ ಕಡ್ಡಿ ಇನ್ನೂ ಕಾಯ್ದಿತ್ತು. ಅದರ ತುದಿಯಿಂದ ರಾಳದ ಹೊಗೆ ದಾರದಂತೆ ಏಳುತ್ತಿತ್ತು. ಚನ್ನವ್ವ ಚಹಾದ ಬಟ್ಟಲನ್ನು ನೆಲಕ್ಕಿಟ್ಟು ಮೈದುನನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಮೈ ಇನ್ನೂ ಬೆಚ್ಚಗೈತ್ರಿ," ಎಂದಳು. "ನೀವ ಒಂದ ಸಲ ಒದರ್ರಿ. ನಿಮ್ಮ ದನಿಗೆ ಏಳತಾನ."

ರಾವಸಾಹೇಬರು ಒದರಲಿಲ್ಲ. ತಮ್ಮನ ಮೂಗಿನ ಬಳಿ ಬೆರಳು ಹಿಡಿದರು. ಬಹಳ ಹೊತ್ತು ಹಿಡಿದರು. ಆಮೇಲೆ ಬೆಸುಗೆಯ ಕಡ್ಡಿಯ ಗುಂಡಿ ಎಲ್ಲಿದೆಯೆಂದು ಹುಡುಕಿ, ಸಿಗದೆ, ವೈರನ್ನೇ ಗೋಡೆಯಿಂದ ಕಿತ್ತರು. ಆಗ ಗೋಡೆಯ ಮೇಲಿದ್ದ ಕಟ್ಟಿಗೆಯ ಪೆಟ್ಟಿಗೆ ಟುಂ ಎಂದಿತು. ಬಿಟ್ಟು ಬಿಟ್ಟು ಒಂಬತ್ತು ಸಲ ಟುಂ ಎಂದು ಸುಮ್ಮನಾಯಿತು. ಮಾಡಿದವನು ಹೋಗಿದ್ದಾನೆಂಬುದು ಅದಕ್ಕೆ ಗೊತ್ತಿರಲಿಲ್ಲ.

ಬೆಳಗಿನ ಏಳೂವರೆಗೆ ಯಡೂರಿಗೆಲ್ಲ ಸುದ್ದಿ ಮುಟ್ಟಿತು. ಡಾಕ್ಟರು ಬಂದು, ಎದೆ ನಿಂತು ಒಂದು ತಾಸಾಗಿರಬೇಕು ಎಂದರು. ಮಳೆ ಮೂರು ದಿನದಿಂದ ಹಿಡಿದಿತ್ತು. ಅಂಗಳಕ್ಕೆ ತಾಡಪತ್ರಿ ಕಟ್ಟಿಸಿ, ಹೆಣಕ್ಕೆ ನೀರು ಹಾಕಿ, ಹಣೆಗೆ ವಿಭೂತಿ ಬಳಿದು, ತಲೆಗೆ ರುಮಾಲು ಸುತ್ತಿ ಗೋಡೆಗೆ ಒರಗಿಸಿ ಕೂರಿಸಿದರು. ಎಡಗೈಯಲ್ಲಿ ಲಿಂಗ ಇಡಲು ಬಂದ ಮಠದ ಅಯ್ಯನವರು ಆ ಕೈಯನ್ನು ತಿರುಗಿಸಿ ನೋಡಿದರು. ಐದೂ ಬೆರಳ ತುದಿಗಳು ಸುಟ್ಟು ಸುಟ್ಟು ಕಪ್ಪು ಗಟ್ಟಿಯಾಗಿದ್ದವು.

"ಅಡಗಿ ಮಾಡಾವ್ರ ಕೈ ಸುದ್ದಾ ಹಿಂಗ ಸುಟ್ಟಿರೂದಿಲ್ಲ," ಎಂದರು ಅಯ್ಯನವರು.

ಮಗ ಭರತ ತಂದೆಯನ್ನು ಗೋದಲಿಯ ಕಡೆ ಕರೆದ. "ಅಪ್ಪಾ, ಮಣ್ಣ ಎಲ್ಲಿ?"

"ಎಲ್ಲಿ ಅಂದ್ರ? ಹೊಳಿಸಾಲ ಹೊಲದಾಗ. ನಿಮ್ಮ ಅಜ್ಜ, ಅಜ್ಜಿ ಮಗ್ಗಲಾಗ."

"ಹೊಳಿ ಏರಾಕತ್ತೈತಿ. ಎತ್ತರದಾಗಿನ ಮಡ್ಡಿ ಹೊಲದಾಗ ಮಾಡೂಣಲ್ಲ."

"ಎಷ್ಟ ಪಾವಟಿಗಿ ಅದಾವ?"

"ಈಗ ನೋಡಿ ಬಂದೆ. ಹದಿನಾಲ್ಕ."

ಊರಿನವರು ಹೊಳೆಯನ್ನು ಅಳೆಯುವುದೇ ಹೀಗೆ. ವೀರಭದ್ರನ ಗುಡಿಯ ಕೆಳಗಿನ ಘಾಟಿನಲ್ಲಿ ನೀರು ಮುಟ್ಟದೆ ಒಣಗಿ ಉಳಿದ ಮೆಟ್ಟಿಲು ಎಷ್ಟು ಎಂಬುದೇ ಲೆಕ್ಕ. ಐದು ಮೆಟ್ಟಿಲು ಉಳಿದಾಗ ಹೊಳೆಸಾಲ ಹೊಲದ ದಾರಿ ಮುಚ್ಚುತ್ತದೆ. ಇದು ಅಲ್ಲಿ ನಡೆಯಲು ಕಲಿತ ಕೂಸಿಗೂ ಗೊತ್ತು.

"ಹದಿನಾಲ್ಕಕ್ಕ ಅಂಜಾಂವ ನೀ ಹೊಳಿದಂಡ್ಯಾಗ ಯಾಕ ಹುಟ್ಟಿದಿ?" ಎಂದರು ರಾವಸಾಹೇಬರು. "ಹದಿನಾಲ್ಕ ಹೋಗಿ ಐದಾಗಾಕ ಎರಡ ದಿನ ಬೇಕ. ಅಥಣಿ ಬೀಗರು, ಕಾಗವಾಡದವರು ಬಂದ ಮ್ಯಾಲ ನಾಕಕ್ಕ ಎತ್ತೂಣು. ಐದಕ್ಕ ಮಣ್ಣ ಕೊಟ್ಟರ ಆರಕ್ಕ ತಿರಗಿ ಬರತೀವಿ."

"ಕಾಕಾನ ಪೆಟಗಿ ಒಂಬತ್ತ ಅಂದೈತಂತ. ಅವ್ವ ಅಂದಳು."

"ಕಾಕಾನ ಹೋದ. ಇನ್ನ ಅವನ ಪೆಟಗಿ ಮಾತ ಕೇಳತೀ? ನಡಿ, ಇಬ್ಬರನ ಕರಕೊಂಡ ಹೋಗಿ ಕುಣಿ ತಗಸು."

ಭರತ ಗುದ್ದಲಿ ಹೆಗಲಿಗೇರಿಸಿ ಹೋದ. ಅವನ ಬೆನ್ನು ನೋಡುತ್ತ ರಾವಸಾಹೇಬರು ಒಬ್ಬರೇ ನಿಂತರು. ತಾಯಿಗೆ ಕೊಟ್ಟ ಮಾತೊಂದನ್ನು ಅವರು ಮಗನಿಗೆ ಹೇಳಿರಲಿಲ್ಲ.

*

ಅದು ಬಹಳ ವರ್ಷಗಳ ಹಿಂದಿನ ಮಾತು. ರಾವಸಾಹೇಬರ ತಾಯಿ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಅವಳಿಗೆ ಬೇರೆ ಚಿಂತೆ ಇರಲಿಲ್ಲ. ಸಂಜೆಯ ಮಂಗಳಾರತಿಗೆ ವೀರಭದ್ರನ ಗುಡಿಗೆ ಹೋಗಲಾಗುವುದಿಲ್ಲವಲ್ಲ ಎಂಬುದೊಂದೇ ಸಂಕಟ. ಸಂಜೆಯಾದರೆ ಕಿವಿ ನಿಮಿರಿಸುತ್ತಿದ್ದಳು. ಗುಡಿ ಅರ್ಧ ಮೈಲು ದೂರ. ಗಾಳಿ ಇತ್ತ ಬೀಸಿದರೆ ಮಾತ್ರ ಗಂಟೆ ಕೇಳಿಸುತ್ತಿತ್ತು.

ಈಶ್ವರ ಆಗ ಮಾಳಿಗೆಯಲ್ಲಿ ರೇಡಿಯೋ ಬಿಚ್ಚುತ್ತಿದ್ದ. ನಿಪ್ಪಾಣಿಯ ಗುಜರಿ ಅಂಗಡಿಗಳಿಂದ ಸೈಕಲ್ಲಿನ ಮೇಲೆ ಸತ್ತ ರೇಡಿಯೋಗಳನ್ನು ಹೇರಿಕೊಂಡು ಬರುತ್ತಿದ್ದ. ಅವುಗಳ ಕರುಳು ಬಿಡಿಸಿ, ಗೋಡೆಯುದ್ದಕ್ಕೂ ಸಾಲಾಗಿಟ್ಟ ತಂಬಾಕಿನ ಡಬ್ಬಿಗಳಲ್ಲಿ ಒಂದೊಂದು ಜಾತಿಯನ್ನು ಒಂದೊಂದರಲ್ಲಿ ತುಂಬಿಡುತ್ತಿದ್ದ. ಕಬ್ಬಿನ ಕೆಲಸದಲ್ಲಿ ಮೈಗಳ್ಳನಲ್ಲ. ಆದರೆ ಹೊಲದಿಂದ ಬಂದು ಕೈ ತೊಳೆದರೆ ಮಾಳಿಗೆ ಏರುವವನೇ. ಗುರುವಿಲ್ಲ, ಶಾಲೆಯಿಲ್ಲ. ಒಂದು ಹರಿದ ಮರಾಠಿ ಪುಸ್ತಕ, ಮತ್ತೆ ತನ್ನದೇ ತಪ್ಪುಗಳು.

ಒಂದು ಸಂಜೆ ರಾವಸಾಹೇಬರು ಹೊಲದಿಂದ ಬರುವಾಗ ತಾಯಿಯ ಕೋಣೆಯಲ್ಲಿ ನಗಾರಿ ಬಾರಿಸುತ್ತಿತ್ತು. ಗಂಟೆ ಹೊಡೆಯುತ್ತಿತ್ತು. ಪೂಜಾರಿಯ ಗಂಟಲು, ಭಕ್ತರ ಜಯಕಾರ, ಯಾವುದೋ ಕೂಸಿನ ಅಳು, ಎಲ್ಲ ಅಲ್ಲೇ ಇದ್ದವು. ಅವರು ಬಾಗಿಲಲ್ಲೇ ನಿಂತುಬಿಟ್ಟರು. ತಲೆದಿಂಬಿನ ಬಳಿ ಒಂದು ಹಳೆಯ ರೇಡಿಯೋ. ಈಶ್ವರ ಪೂಜಾರಿಯ ಅಪ್ಪಣೆ ಪಡೆದು ಗುಡಿಯ ಕಂಬಕ್ಕೆ ಬೆಂಕಿಪೆಟ್ಟಿಗೆಯಷ್ಟು ಯಂತ್ರ ಕಟ್ಟಿ ಬಂದಿದ್ದ. ನಡುವೆ ತಂತಿಯಿಲ್ಲ, ಏನೂ ಇಲ್ಲ, ಬರೀ ಗಾಳಿ.

ರಾವಸಾಹೇಬರಿಗೆ ಮೊದಲು ಬಂದದ್ದು ಅಂಜಿಕೆ. ಅದನ್ನು ಮುಚ್ಚಲು ಸಿಟ್ಟು ಮಾಡಿದರು. "ದೇವರನ್ನ ತಂದ ಡಬ್ಬ್ಯಾಗ ಹಾಕೀಯೇನಲೇ?"

ತಾಯಿ ಜೋಡಿಸಿದ ಕೈ ಬಿಡದೆ ಅಂದಳು: "ದೇವರ ಮನೀಗೆ ಬಂದಾನ. ನೀ ಮೊದಲ ಕಾಲ ತೊಳಕೊಂಡ ಬಾ."

ಆ ಮೇಲೆ ಎರಡು ವರ್ಷ ಅವಳು ಒಂದು ಆರತಿಯನ್ನೂ ತಪ್ಪಿಸಲಿಲ್ಲ. ಕೊನೆಯ ದಿನ ಹಿರಿಯ ಮಗನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. "ಈಶ್ವರ ಲಗ್ನ ಒಲ್ಲೆ ಅಂದ. ಹಿಂದಿಲ್ಲ, ಮುಂದಿಲ್ಲ, ಒಬ್ಬಂವ ಅದಾನ. ಅವನ ದಿನ ಬಂದಾಗ ನನ್ನ ಮಗ್ಗಲಾಗ ತಂದ ಮಲಗಸು. ಎಲ್ಲೂ ಒಬ್ಬನ್ನ ಬಿಡಬ್ಯಾಡ. ಕೈ ಮ್ಯಾಲ ಕೈ ಹಾಕು."

ರಾವಸಾಹೇಬರು ಹಾಕಿದ್ದರು.

*

ಹತ್ತು ಗಂಟೆಯ ಹೊತ್ತಿಗೆ ಅಂಗಳ ತುಂಬಿತು. ಒಂದು ಮಗ್ಗುಲಿಗೆ ಭಜನೆಯವರು, ಇನ್ನೊಂದು ಮಗ್ಗುಲಿಗೆ ಹೆಣ್ಣುಮಕ್ಕಳು. ತಾಡಪತ್ರಿಯ ಮೇಲೆ ಮಳೆ ತಾಳ ಹಿಡಿದಿತ್ತು. ತಾಡಪತ್ರಿ ಮುಗಿಯುವ ಮೂಲೆಯಲ್ಲಿ ಲಗಮಪ್ಪ ವಿಮಾನ ಕಟ್ಟುತ್ತಿದ್ದ. ಹೆಣವನ್ನು ಕೂರಿಸಿ ಒಯ್ಯುವ ಆ ಬೊಂಬಿನ ಮಂಟಪವನ್ನು ಊರಿನ ಎಲ್ಲ ಮನೆಗಳಿಗೂ ಅವನೇ ಕಟ್ಟುವುದು. ಕರೆಯುವ ಮೊದಲೇ ಬರುತ್ತಾನೆ. ಒಂದು ಬಟ್ಟಲು ಚಹಾ ಬಿಟ್ಟು ಏನನ್ನೂ ಮುಟ್ಟುವುದಿಲ್ಲ.

ಸೋದರತ್ತೆಯ ಮಗಳು ಸೋನಾಬಾಯಿ ಹೆಣ್ಣುಮಕ್ಕಳ ನಡುವೆ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದಳು: "ರಾಯಬಾಗಕ್ಕ ಹೆಣ್ಣ ನೋಡಾಕ ಕರಕೊಂಡ ಹೋಗಿದ್ವಿ ಬೇ. ಹುಡಿಗಿ ತಾಟ ಹಿಡಕೊಂಡ ಬಂದ ನಿಂತಾಳ, ಇವನ ಕಣ್ಣ ಅವರ ಮನಿ ಮ್ಯಾಲಿನ ಅಂಟೆನಾದ ಮ್ಯಾಲ! ಹೊರಗ ಬಂದ ಮ್ಯಾಲ 'ಹೆಂಗ ಅನಸಿತೋ' ಅಂದ್ರ, 'ಬಾಳ ವಾರಿ ಐತಿ, ಸ್ವಲ್ಪ ತಿರವಬೇಕ' ಅಂದ."

ಅಳುತ್ತಿದ್ದವರೇ ಸೆರಗು ಬಾಯಿಗೊತ್ತಿ ನಕ್ಕರು.

"ಊರಾಗಿನ ಟೀವಿ ಕೆಟ್ರ ಮುಟ್ಟತಿರಲಿಲ್ಲ ನೋಡು ಮಗಾ," ಎಂದ ಲಗಮಪ್ಪ ಹಗ್ಗ ಬಿಗಿಯುತ್ತ. "'ಯಾರೋ ಮಾಡಿದ್ದನ್ನ ಮತ್ತ ನಾ ಏನ ಮಾಡ್ಲಿ' ಅಂತಿದ್ದ. ಹಂಗಂತ ನನ್ನ ಮೊಮ್ಮಗಳ ಕಿವ್ಯಾಗಿನ ಯಂತ್ರಾ ಕೆಟ್ಟಾಗ ಮೂರ ದಿವಸ ಊಟ ಬಿಟ್ಟ ಕುಂತ ಸರಿ ಮಾಡಿದ. ಅಲ್ಲಿಂದ ಹುಡಿಗಿ ನಾ ಬಾಯಾಗ ಬೈದದ್ದೂ ಕೇಳಾಕತ್ತಳು."

ಮೂರು ಬೊಂಬು ಸಿಕ್ಕಿದ್ದವು, ನಾಲ್ಕನೆಯದು ಬೇಕಿತ್ತು. ಲಗಮಪ್ಪ ಸುತ್ತ ನೋಡಿದ. ಮಾಳಿಗೆಯ ಮೇಲೆ, ಮಳೆಯಲ್ಲಿ ನೆನೆಯುತ್ತ, ಇಪ್ಪತ್ತು ಅಡಿಯ ನೆಟ್ಟನೆಯ ಬೊಂಬೊಂದು ನಿಂತಿತ್ತು. ಅದರ ತುದಿಗೆ ಹಣಿಗೆಯ ಹಲ್ಲಿನಂಥ ಲೋಹದ ಕಡ್ಡಿಗಳು. ಈಶ್ವರನ ಬೊಂಬು ಅವನಿಗೇ ಆಗಲಿ ಎಂದುಕೊಂಡು ಲಗಮಪ್ಪ ಹತ್ತಿ, ಕಡ್ಡಿಗಳನ್ನು ಬಿಚ್ಚಿ ಗೋದಲಿಗೆ ಒಗೆದು, ಬೊಂಬನ್ನು ಇಳಿಸಿದ. ಕೊಯ್ಯಲು ಮನಸ್ಸಾಗಲಿಲ್ಲ. ವಿಮಾನದ ಮುಂದಿನ ಮೂಲೆಗೆ ಇಡೀ ಉದ್ದವೇ ಕಟ್ಟಿ ತುದಿಗೊಂದು ಕಾವಿ ಬಟ್ಟೆ ಹಾರಿಸಿದ. ಆಮೇಲೆ ನಾಲ್ಕು ಜನ ಹಿಡಿದು ಈಶ್ವರನನ್ನು ಎತ್ತಿ ಅದರಲ್ಲಿ ಕೂರಿಸಿದರು.

ಅರ್ಧ ತಾಸು ಕಳೆದಿರಬೇಕು. ಮಾಳಿಗೆಯ ಮೇಲಿಂದ ಒಂದು ದನಿ ಎದ್ದಿತು. ಟುಂ ಎನ್ನುವ ದನಿಯಲ್ಲ. ಉದ್ದಕ್ಕೆ, ಸಣ್ಣಗೆ, ಉಸಿರೇ ತೆಗೆದುಕೊಳ್ಳದೆ ಅಳುವ ದನಿ. ಭಜನೆಯ ತಾಳ ತಪ್ಪಿತು. ಮುದುಕಿಯರು ಮಕ್ಕಳನ್ನು ಮಡಿಲಿಗೆಳೆದುಕೊಂಡರು. ಯಾರೋ "ಶಿವ ಶಿವ" ಎಂದರು. ಎಲ್ಲರ ಕಣ್ಣೂ ವಿಮಾನದಲ್ಲಿ ಕುಳಿತವನ ಮುಖಕ್ಕೆ ಹೋಯಿತು.

ರಾವಸಾಹೇಬರು ಮಾಳಿಗೆಯ ಕಡೆ ಕೈ ತೋರಿದರು. "ಯಾರರೆ ಹೋಗಿ ಅದನ್ನ ಬಂದ ಮಾಡ್ರಿ!" ಎಂದರು.

"ಬಂದ ಮಾಡಬ್ಯಾಡ್ರಿ."

ಹೆಣ್ಣುಮಕ್ಕಳ ನಡುವಿನಿಂದ ಎದ್ದವಳು ಚನ್ನವ್ವ. ಮದುವೆಯಾಗಿ ಬಂದ ಮೇಲೆ ನಾಲ್ಕು ಜನರ ಮುಂದೆ ಗಂಡನ ಮಾತಿಗೆ ಅಡ್ಡ ಮಾತಾಡಿದವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳದ ನಡುವೆ ಬಂದು ನಿಂತಳು.

"ಅದು ಅಳಾಕತ್ತೈತಿ ಅಂದ್ರ ಕಿವುಡ ಆಗೇತಿ ಅಂತ ಅರ್ಥ," ಎಂದಳು. "ಮಾಳಿಗಿ ಮ್ಯಾಲಿನ ಬೊಂಬ ಎಲ್ಲಿ?"

ಲಗಮಪ್ಪ ವಿಮಾನದ ಹಿಂದೆ ಸರಿದ.

*

ಅದು ದೊಡ್ಡ ಹೊಳೆ ಬಂದ ವರ್ಷದ ಮಾತು. ಆ ದಿನವೂ ರಾವಸಾಹೇಬರು ಘಾಟಿಗೆ ಹೋಗಿ ಮೆಟ್ಟಿಲು ನೋಡಿ ಬಂದು, ನಾಳೆಯವರೆಗೆ ಅಂಜಿಕೆಯಿಲ್ಲ ಎಂದಿದ್ದರು. ಮಧ್ಯಾಹ್ನ ಚನ್ನವ್ವ ಹೊಳೆಸಾಲ ಹೊಲದಲ್ಲಿ ಎಮ್ಮೆ ಬಿಚ್ಚುತ್ತಿದ್ದಾಗ ನೀರು ಹಿಂದಿನಿಂದ ಬಂತು. ಬೇವಿನ ಮರಕ್ಕೆ ಅಪ್ಪಿಕೊಂಡು ಸಂಜೆಯವರೆಗೆ ನಿಂತಳು. ಎಮ್ಮೆಗಳು ಅವಳ ಕಣ್ಣ ಮುಂದೆಯೇ ತೇಲಿಹೋದವು. ದೋಣಿಯಲ್ಲಿ ಹೋಗಿ ಅವಳನ್ನು ಮರದಿಂದ ಬಿಡಿಸಿಕೊಂಡು ಬಂದವನು ಈಶ್ವರ.

ಮಾರನೆಯ ದಿನದಿಂದ ಅವನು ಬೇರೆ ಏನನ್ನೂ ಮಾಡಲಿಲ್ಲ. ಮೇಲಿನ ಅಣೆಕಟ್ಟುಗಳಿಂದ ಎಷ್ಟು ನೀರು ಬಿಟ್ಟರು ಎಂಬ ಸುದ್ದಿ ಫೋನಿನಲ್ಲಿ ಬರುತ್ತಿತ್ತು. ಆದರೆ ಅದು ತಮ್ಮ ಘಾಟಿಗೆ ಯಾವಾಗ ಮುಟ್ಟೀತು, ಎಷ್ಟು ಮೆಟ್ಟಿಲು ನುಂಗೀತು ಎಂದು ಹೇಳುವವರಿರಲಿಲ್ಲ. ಭೋಜದ ಬಳಿ, ಕೆಳಗೆ ಬಂದು ಕೃಷ್ಣೆಗೆ ಕೂಡುವ ದೂಧಗಂಗೆಯ ದಂಡೆಯಲ್ಲಿ, ಪರಿಚಯದವರೊಬ್ಬರ ಬಾವಿಯ ಗೋಡೆಗೆ ಅವನು ಒಂದು ಯಂತ್ರ ಕೂರಿಸಿದ. ಅದು ಹೊಳೆಯ ಮಟ್ಟವನ್ನು ಅಳೆದು ಗಾಳಿಯಲ್ಲಿ ಹೇಳುತ್ತಿತ್ತು. ಮಾಳಿಗೆಯ ಬೊಂಬು ಕೇಳಿಸಿಕೊಳ್ಳುತ್ತಿತ್ತು. ಮೂರು ಮಳೆಗಾಲ ದಿನಕ್ಕೆರಡು ಸಲ ಘಾಟಿಗೆ ಹೋಗಿ ಮೆಟ್ಟಿಲು ಎಣಿಸಿ ಬರೆದಿಟ್ಟುಕೊಂಡು, ಭೋಜದಲ್ಲಿ ಇಷ್ಟು ಏರಿದರೆ ಇಲ್ಲಿ ಇಷ್ಟು ಮುಳುಗುತ್ತದೆ ಎಂಬುದನ್ನು ಕಂಡುಕೊಂಡ. ಆಮೇಲೆ ಪೆಟ್ಟಿಗೆಯನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿ ಅತ್ತಿಗೆಯನ್ನು ಕರೆದ.

"ವೈನಿ, ನಿಮಗ ಅಂಕಿ ಓದಾಕ ಬರೂದಿಲ್ಲ. ಎಣಸಾಕ ಬರತೈತೇನ್ರಿ?"

"ಎಮ್ಮಿ ಎಣಸಿಲ್ಲೇನೋ ಇಷ್ಟ ವರ್ಷ?"

"ಹಂಗಾರ ಕೇಳ್ರಿ. ಅದು ಎಷ್ಟ ಸಲ ಟುಂ ಅಂತೈತಿ, ಇನ್ನ ಆರ ತಾಸಿನ ಮ್ಯಾಲ ನಮ್ಮ ಘಾಟಿನಾಗ ಅಷ್ಟ ಪಾವಟಿಗಿ ಉಳಿತಾವ. ಭೋಜದ ದನಿ ಕೇಳಲಿಲ್ಲ ಅಂದ್ರ ಸುಮ್ಮ ಕುಂಡ್ರೂದಿಲ್ಲ, ಅಳತೈತಿ. ಸುಮ್ಮ ಕುಂತ್ರ ನೀವು ಎಲ್ಲಾ ಚಲೋ ಐತಿ ಅಂತ ತಿಳಕೊಂಡೀರಿ."

ರಾವಸಾಹೇಬರು ಬಾಗಿಲಲ್ಲಿ ನಿಂತು ಕೇಳಿದ್ದರು. "ಮುಂದ ಬರೂದನ್ನ ಹೇಳಾಂವ ಶಿವ ಒಬ್ಬನ," ಎಂದಿದ್ದರು. "ನೀ ಬಾಳ ಸೊಕ್ಕ ಮಾಡಬ್ಯಾಡ."

ಈಶ್ವರ ನಕ್ಕಿದ್ದ. "ಮುಂದಿಂದ ನನಗೇನ ಗೊತ್ತ ಅಣ್ಣಾ? ಮ್ಯಾಲಿಂದ ಅಷ್ಟ ಹೇಳತೇನಿ. ಭೋಜದಾಗಿನ ನೀರು ಇಲ್ಲಿಗೆ ನಡಕೊಂಡ ಬರತೈತಿ. ಆ ಸುದ್ದಿ ಓಡಿ ಬರತೈತಿ."

ಆ ಪೆಟ್ಟಿಗೆಗೆ ರಾವಸಾಹೇಬರು ಎಂದೂ ಕಿವಿಗೊಡಲಿಲ್ಲ. ಚನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಣಿಸುತ್ತಿದ್ದಳು.

*

"ಮುಂಜಾನಿ ಒಂಬತ್ತ ಅಂದಿತ್ತು," ಚನ್ನವ್ವ ಹೇಳಿದಳು. "ಆಮ್ಯಾಲ ಅಳು, ಭಜನಿ ಗದ್ದಲದಾಗ ಎಣಸಾಕ ಆಗಲಿಲ್ಲ. ಈಗ ಎಷ್ಟ ಅಂತೈತೋ ಯಾರಿಗ್ಗೊತ್ತ? ಅದನ್ನ ಕೇಳದ ನನ್ನ ಮಗನ್ನ ಹೊಳಿಸಾಲಕ್ಕ ಕಳಿಸಿ ಕುಂತೀರಿ. ಊರ ಮಂದೀನೆಲ್ಲಾ ಅಲ್ಲಿಗೆ ಕರಕೊಂಡ ಹೊಂಟೀರಿ. ನಾ ಆ ಮರಾ ಅಪ್ಪಿಕೊಂಡ ನಿಂತಾಕಿ ಅದೀನ್ರಿ. ಬ್ಯಾಡ."

ತಾಯಿಗೆ ಕೊಟ್ಟ ಮಾತನ್ನು ರಾವಸಾಹೇಬರು ಅಂಗಳದ ಮಂದಿಗೆ ಹೇಗೆ ಹೇಳುವುದು?

ಆ ಹೊತ್ತಿಗೆ ಕೊಡೆ ಮಡಚುತ್ತ ಬಂದವರು ಅಲಖನೂರಿನ ಶ್ರೇಣಿಕ ಮಾಸ್ತರರು. ವಿಜ್ಞಾನ ಕಲಿಸಿ ನಿವೃತ್ತರಾದವರು, ಈಶ್ವರನಂತೆಯೇ ರೇಡಿಯೋದ ಹುಚ್ಚಿನವರು. ಆ ಅಳು ಕೇಳಿದವರೇ ವಿಮಾನದ ಬೊಂಬಿನ ತುದಿಗೆ ಕಣ್ಣೆತ್ತಿದರು. ಯಾರೂ ಹೇಳುವುದು ಬೇಕಾಗಲಿಲ್ಲ.

"ಅರೇ ದೇವಾ. ಇದನ್ನ ಬಿಚ್ಚಿ ಮತ್ತ ಮ್ಯಾಲ ಏರಸ್ರಿ."

"ಹೆಣಕ್ಕ ಕಟ್ಟಿದ ಬೊಂಬ ಮನಿ ಏರೂದಿಲ್ಲ, ಮಾಸ್ತರ," ಎಂದ ಲಗಮಪ್ಪ. ಅವನ ದನಿಯಲ್ಲಿ ಅಳುವಿತ್ತು. "ನಂದ ತಪ್ಪ ಆತ್ರಿ. ಆದ್ರ ಅದು ಏರೂದಿಲ್ಲ."

ಅಯ್ಯನವರೂ ತಲೆಯಾಡಿಸಿದರು.

ಮಾಸ್ತರರು ಮಾಳಿಗೆಯತ್ತ ನೋಡಿ, ಮತ್ತೆ ಬೊಂಬಿನತ್ತ ನೋಡಿದರು. "ಹಂಗಾರ ಬೊಂಬ ಅಲ್ಲೇ ಇರಲಿ. ಪೆಟಗಿ ಬ್ಯಾಟರಿ ಮ್ಯಾಲ ನಡೀತೈತಿ, ಅದನ್ನ ಇಳಸೂಣು. ಕಡ್ಡಿ ಎಲ್ಲ್ಯದಾವ?"

ಲಗಮಪ್ಪನೇ ಗೋದಲಿಗೆ ಓಡಿ, ಸಗಣಿ ಹತ್ತಿದ ಕಡ್ಡಿಗಳನ್ನು ತನ್ನ ಧೋತರಕ್ಕೆ ಒರೆಸುತ್ತ ತಂದ. ಬೊಂಬಿನ ತುದಿಯನ್ನು ಬಾಗಿಸಿ ಕಾವಿ ಬಟ್ಟೆಯ ಮೇಲೆ ಅವನ್ನು ಕಟ್ಟಿದರು. ಅಲ್ಲಿಂದ ಇಳಿಬಿಟ್ಟ ತಂತಿ ಈಶ್ವರನ ರುಮಾಲಿನ ಮಗ್ಗುಲಿಂದ ಬಂದು ಚನ್ನವ್ವನ ಕೈಯಲ್ಲಿದ್ದ ಪೆಟ್ಟಿಗೆಗೆ ಸೇರಿತು. ಪೆಟ್ಟಿಗೆ ಅಳುತ್ತಲೇ ಇತ್ತು.

"ಎತ್ತರ ಸಾಲದು," ಎಂದರು ಮಾಸ್ತರರು. "ಅಂಗಳದಾಗ ಗ್ವಾಡಿ ಅಡ್ಡ ಬರತೈತಿ. ಎತ್ತಬೇಕ."

ಅಯ್ಯನವರು ಮುಂದೆ ಬಂದರು. "ಎತ್ತರಿ. ಆದ್ರ ಒಂದ ಮಾತ ತಿಳದಿರಲಿ. ವಿಮಾನ ಹೆಗಲ ಏರಿದ ಮ್ಯಾಲ ಕುಣಿತನಾ ನೆಲಾ ಮುಟ್ಟಬಾರದು. ಈಗ ಎತ್ತಿದ್ರ ಮಣ್ಣಿಗೆ ಹೊಂಟಂಗನ."

ಎಲ್ಲರೂ ರಾವಸಾಹೇಬರ ಕಡೆ ನೋಡಿದರು. ಅಥಣಿಯ ಬೀಗರು ಬಂದಿರಲಿಲ್ಲ, ಕಾಗವಾಡದವರು ದಾರಿಯಲ್ಲಿದ್ದರು. ಅವರು ತಮ್ಮನ ಮುಖ ನೋಡಿದರು. ಕಣ್ಣು ಅರೆಮುಚ್ಚಿದ್ದವು, ಮಾಳಿಗೆಯಲ್ಲಿ ಕುಳಿತು ದೂರದ ದನಿ ಹಿಡಿಯುತ್ತಿದ್ದಾಗ ಹೀಗೆಯೇ ಇರುತ್ತಿದ್ದವು.

"ಎತ್ತರಿ," ಎಂದರು.

ಎಂಟು ಜನ ಹೆಗಲು ಕೊಟ್ಟರು. ವಿಮಾನ ಅಲುಗಾಡುತ್ತ ಮೇಲೆದ್ದಿತು; ತಾಡಪತ್ರಿಯಾಚೆ ಬಂದು ಬೀದಿಯ ನಡುವೆ, ಮಳೆಯಲ್ಲಿ ನಿಂತಿತು. "ಪಡುವಣಕ್ಕ ಮಾರಿ ಮಾಡ್ರಿ. ಇನ್ನ ಸ್ವಲ್ಪ. ಭೋಜ ಆ ಕಡೆ ಐತಿ," ಎಂದು ಮಾಸ್ತರರು ಕೈ ತೋರಿಸಿದರು. ಎಂಟು ಜನ ಇರುವೆ ಹೆಜ್ಜೆಯಲ್ಲಿ ತಿರುಗಿದರು. ಕುಳಿತವನೂ ತಿರುಗಿದ.

ಅಳು ನಿಂತಿತು.

"ಹಿಡಿದೈತಿ. ಅಳಗ್ಯಾಡಬ್ಯಾಡ್ರಿ. ಐದ ನಿಮಿಷಕ್ಕೊಮ್ಮೆ ಭೋಜದಿಂದ ದನಿ ಬರತೈತಿ. ಅಲ್ಲೀಮಟ ಹಂಗ ನಿಂದರ್ರಿ."

ನಿಂತರು. ಮಳೆ ಅವರ ಮುಖದ ಮೇಲಿಂದ ಹರಿಯಿತು. ಬೀದಿಯ ತುಂಬ ಜನ, ಒಂದು ಕೆಮ್ಮೂ ಇಲ್ಲ. ಹೆಗಲು ಕೊಟ್ಟ ಲಗಮಪ್ಪ ಹಲ್ಲು ಕಚ್ಚಿ ಅಂದ: "ಈಶ್ವರಣ್ಣಾ, ಜೀಂವ ಇದ್ದಾಗ ನೀ ಇಷ್ಟ ವಜ್ಜ ಇರಲಿಲ್ಲೋ."

ಪೆಟ್ಟಿಗೆ ಟುಂ ಎಂದಿತು.

ರಾವಸಾಹೇಬರು ತಿಳಿಯದೆಯೇ ಜಪದ ಬೆರಳು ಮಡಿಸಿದರು. ಒಂದು. ಎರಡು. ಮೂರು. ನಾಲ್ಕು. ಹೆಬ್ಬೆರಳು ಐದನೆಯದಕ್ಕೆ ಕಾದು ನಿಂತಿತು. ಗಾಳಿ ಬೀಸಿ ಬೊಂಬಿನ ತುದಿಯಲ್ಲಿ ಬಟ್ಟೆ ಪಟಪಟ ಬಡಿಯಿತು. ಐದನೆಯದು ಬರಲಿಲ್ಲ.

"ನಾಕ," ಎಂದಳು ಚನ್ನವ್ವ.

ಆಗ ಸಮಯ ಹನ್ನೊಂದೂವರೆ. ಐದೂವರೆಗೆ ನಾಲ್ಕೇ ಮೆಟ್ಟಿಲು. ಐದಕ್ಕೆ ಮಣ್ಣು ಕೊಡಲು ನಿಂತವರೆಲ್ಲ ಹೊಳೆಸಾಲಿನಲ್ಲೇ ಸಿಕ್ಕಿಬೀಳುತ್ತಿದ್ದರು. ಘಾಟಿನಲ್ಲಿ ಈಗಲೂ ಹನ್ನೊಂದು ಮೆಟ್ಟಿಲು ಒಣಗಿವೆ ಎಂದು ಯಾರೋ ಹೇಳಿದರು. ರಾವಸಾಹೇಬರ ಕಿವಿಗೆ ಅದು ಬೀಳಲಿಲ್ಲ. ಅವರು ಫೋನು ಹಿಡಿದು ಮಗನನ್ನು ಕರೆಯುತ್ತಿದ್ದರು.

"ಕುಣಿ ಎದೀಮಟ ಆಗೇತಿ, ಅಪ್ಪಾ," ಎಂದ ಭರತ ಆಚೆಯಿಂದ.

"ಬಿಟ್ಟ ಬಾ."

"ತಗದ ಕುಣಿ ಬರಿದ ಬಿಟ್ಟ ಬರತಾರೇನಪಾ?"

"ಕಾಯಿ ಒಂದ ಹಾಕಿ..." ಎಂದು ಶುರು ಮಾಡಿದ ರಾವಸಾಹೇಬರು ಅಲ್ಲಿಗೇ ಮಾತು ಕಡಿದರು. "ಇಲ್ಲ. ಏನೂ ಹಾಕಬ್ಯಾಡ. ನಿಂದರಬ್ಯಾಡ. ನಿಮ್ಮ ಅಜ್ಜಿಗೆ ಕೈ ಮುಗದ ಬಾ. ನಾ ತಪ್ಪ ಒಪ್ಪಕೊಂಡೇನಿ ಅಂತ ಹೇಳ."

ಊರಿನ ಅಗಸಿ ಬಾಗಿಲ ಮುಂದೆ ದಾರಿ ಒಡೆಯುತ್ತದೆ. ಎಡಕ್ಕೆ ಹೊಳೆ, ಬಲಕ್ಕೆ ಮಡ್ಡಿ. ವಿಮಾನದ ಮುಂದೆ ನಡೆಯುತ್ತಿದ್ದ ರಾವಸಾಹೇಬರು ಅಲ್ಲಿ ನಿಂತು ಎಡಗಡೆಯ ದಾರಿಯನ್ನು ಒಮ್ಮೆ ನೋಡಿದರು. ಆಮೇಲೆ ಬಲಕ್ಕೆ ತಿರುಗಿದರು.

ಮಡ್ಡಿಯ ನೆಲ ಗರಸು. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಅಲ್ಲಿ ಕುಣಿ ಕೇಳಿದಷ್ಟು ಆಳಕ್ಕಿಳಿಯಲು ಮೂರು ತಾಸು ಹಿಡಿಯಿತು. ಆ ಮೂರು ತಾಸೂ ವಿಮಾನ ನೆಲ ಮುಟ್ಟಲಿಲ್ಲ. ಒಬ್ಬ ದಣಿದರೆ ಇನ್ನೊಬ್ಬ ಒಳಗೆ ಹೊಕ್ಕು ಹೆಗಲು ಕೊಟ್ಟ. ಅಥಣಿಯವರು ಬಂದವರೇ ಚಪ್ಪಲಿ ಬಿಟ್ಟು ಹೆಗಲು ಕೊಟ್ಟರು, ಕಾಗವಾಡದವರೂ ಕೊಟ್ಟರು. ಹೊಳೆಯಿಂದ ಕೆಸರು ಮೈಯಲ್ಲಿ ಬಂದ ಭರತನೂ ಕೊಟ್ಟ. ಹೊಲದ ಬೇಲಿಗಾಗಿ ಹತ್ತು ವರ್ಷ ಮಾತು ಬಿಟ್ಟಿದ್ದ ಇಬ್ಬರು ಒಂದೇ ಬೊಂಬಿನ ಕೆಳಗೆ ನಿಂತಿದ್ದನ್ನು ಸೋನಾಬಾಯಿ ನೋಡಿ ಚನ್ನವ್ವನಿಗೆ ಕೈಸನ್ನೆ ಮಾಡಿದಳು. ಇಡೀ ಊರಿನ ಹೆಗಲ ಮೇಲೆ ಈಶ್ವರ ಪಡುವಣಕ್ಕೆ ಮುಖ ಮಾಡಿ ಕುಳಿತಿದ್ದ. ಐದು ನಿಮಿಷಕ್ಕೊಮ್ಮೆ ಪೆಟ್ಟಿಗೆ ನಾಲ್ಕು ಎನ್ನುತ್ತಿತ್ತು. ಎರಡೂವರೆಯ ಹೊತ್ತಿಗೆ ಮೂರು ಎಂದಿತು.

ಮೂರು ಗಂಟೆಗೆ ಅಯ್ಯನವರು ಮಂತ್ರ ಹೇಳಿದರು. ಈಶ್ವರನನ್ನು ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಕೂರಿಸಿ, ಸುತ್ತ ವಿಭೂತಿಯ ಗಟ್ಟಿಗಳನ್ನೂ ಪತ್ರಿಯನ್ನೂ ತುಂಬಿದರು. ಮಾಸ್ತರರು ತಂತಿ ಬಿಚ್ಚಿಕೊಂಡರು; ಇನ್ನೊಂದು ಬೊಂಬು ತಂದು ನಾಳೆಯೇ ಮಾಳಿಗೆಗೆ ನೆಡುವುದಾಗಿ ಚನ್ನವ್ವನಿಗೆ ಹೇಳಿದರು. ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕಿದರು. ರಾವಸಾಹೇಬರು ಕೊನೆಯವರು. ಅವರ ಕೈಗೆ ಬಂದದ್ದು ಮಣ್ಣಲ್ಲ, ಗರಸಿನ ಹರಳು. ಅವನ್ನು ಹಾಕಲು ಮನಸ್ಸಾಗದೆ, ಬಾಗಿ ಮೆಲ್ಲಗೆ ಇಟ್ಟರು.

ಐದು ಗಂಟೆಯ ಸುಮಾರಿಗೆ, ಕೈ ತೊಳೆದುಕೊಂಡು ಜನ ಇಳಿಯಲು ತಿರುಗಿದಾಗ ಮುಂದೆ ಹೋದವರು ನಿಂತುಬಿಟ್ಟರು. ಹಿಂದಿನವರೂ ಬಂದು ಅವರ ಮಗ್ಗುಲಿಗೆ ನಿಂತರು.

ಕೆಳಗೆ ಹೊಳೆ ಬರುತ್ತಿತ್ತು. ಸಪ್ಪಳವಿಲ್ಲ, ಅವಸರವಿಲ್ಲ. ಯಾರೋ ನೀರು ಹಾಯಿಸಲು ಕುಳಿತಂತೆ, ಕಬ್ಬಿನ ಒಂದೊಂದೇ ಸಾಲನ್ನು ತುಂಬುತ್ತ, ತುಂಬಿದ್ದನ್ನು ಬಿಟ್ಟು ಮುಂದಿನದಕ್ಕೆ ಹೊರಳುತ್ತ ಬಂತು. ಹೊಲದ ದಾರಿ ಮೊದಲು ನಡುವೆ ತುಂಡಾಯಿತು. ಆಮೇಲೆ ಎಲ್ಲಿತ್ತೆಂಬುದೇ ತಿಳಿಯದಾಯಿತು. ತಂದೆಯ ಗದ್ದಿಗೆ ಮುಳುಗಿತು. ತಾಯಿಯ ಗದ್ದಿಗೆಯ ಮೇಲಿನ ಕಲ್ಲು ಸ್ವಲ್ಪ ಹೊತ್ತು ಕಂಡಿತು. ಅದರ ಮಗ್ಗುಲಲ್ಲಿ ಬೆಳಿಗ್ಗೆ ತೆಗೆದ ಕುಣಿಯೊಳಕ್ಕೆ ಕೃಷ್ಣೆಯೇ ಇಳಿದಳು. ಅಲ್ಲಿ ನೀರು ಒಂದು ಸುತ್ತು ತಿರುಗಿತು. ಆಮೇಲೆ ಸಮವಾಗಿ, ತಾಯಿಯ ಕಲ್ಲನ್ನೂ ಸೇರಿಸಿಕೊಂಡು ಹಾಸಿಕೊಂಡಿತು.

ನೂರು ಜನ ಇದ್ದಿರಬೇಕು ಅಲ್ಲಿ. ಒಬ್ಬೊಬ್ಬರಾಗಿ ಎಲ್ಲರೂ ಕೈ ಮುಗಿದರು. ಹೊಳೆಗೋ, ಹಿಂದಿನ ಹಸಿ ಗದ್ದಿಗೆಗೋ ಎಂದು ಯಾರೂ ಕೇಳಿಕೊಳ್ಳಲಿಲ್ಲ.

ರಾವಸಾಹೇಬರು ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡರು. ಮಳೆ ಅವರ ಬೋಳುತಲೆಯ ಮೇಲೆ ಬಿತ್ತು. ನೀರಿನಾಚೆ ಮಬ್ಬಿನಲ್ಲಿ ಗುಡಿಯ ಶಿಖರವಿದ್ದ ಕಡೆಗೆ ತಿರುಗಿ, ಮಗ್ಗುಲಲ್ಲಿ ನಿಂತ ಚನ್ನವ್ವನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಬೇಡಿಕೊಂಡರು:

"ಯಪ್ಪಾ ವೀರಭದ್ರಾ, ಅವ್ವಗ ಕೊಟ್ಟ ಮಾತ ನಾ ಮುರದೇನಿ. ಆ ಪಾಪ ನಂದ, ಅವಂದಲ್ಲ. ನೀ ಗಾಳಿಯೊಳಗ ಇಟ್ಟದ್ದನ್ನ ಅಂವ ಹುಡಿಕ್ಯಾಡಿ ಕೇಳಿದ, ಕೇಳಿದ್ದನ್ನ ನಮಗ ಹೇಳಿದ, ಮತ್ತೇನೂ ಮಾಡಲಿಲ್ಲ. ನನ್ನ ತಮ್ಮ ಒಬ್ಬಂವ ಅದಾನ, ಮಡ್ಡಿ ಮ್ಯಾಲ ಅದಾನ. ಅವ್ವನ ಮಗ್ಗಲಾಗ ಜಾಗಾ ಸಿಗಲಿಲ್ಲ. ನಿನ್ನ ಮಗ್ಗಲಾಗ ಮಲಗಿಸ್ಕೋ. ಅವನ ಜೀಂವ ತಣ್ಣಗಿರಲಿ, ತಂದೆ."